ನಲವತ್ತೊಂದನೆಯ ಲಕೋಟೆ

ನಿನ್ನೆ ಫೋನು. ಟಮಕದ ಕಾಲೇಜಿನಿಂದ ಒಬ್ಬಳು ಹುಡುಗಿ.
"ಸಿಸ್ಟರ್, ಹದಿನೇಳು ವರ್ಷದ ಹಿಂದೆ ಶಿಡ್ಲಘಟ್ಟದಲ್ಲಿ
ಬಿಚ್ಚಾಣಿಕೆಯವರ ದಮ್ಮಿಗೆ ಒಂದು ಪ್ರಯೋಗ ನಡೆದಿತ್ತಲ್ಲ,
ಆ ಲಕೋಟೆಗಳು...
ಒಳಗಿನದು ಹೊರಗೆ ಕಾಣುತ್ತಿತ್ತೆ?"

ವರದಿಯಲ್ಲಿ ಅಚ್ಚಾದದ್ದು ಒಂದೇ ಸಾಲು:
ಮುಚ್ಚಿದ ಲಕೋಟೆಗಳನ್ನು ಬಳಸಲಾಯಿತು.
ನಿಜ. ಮೈದಾ ಅಂಟು ನಾನೇ ಕಾಯಿಸಿ ಹಚ್ಚಿದ್ದೆ.

ಕಾಗದ ಮಾತ್ರ ಅಗ್ಗದ್ದು.
ಕಿಟಕಿಗೆ ಹಿಡಿದರೆ ಅಕ್ಷರ
ಮೀನಿನ ಮುಳ್ಳಿನ ಹಾಗೆ ಮೂಡುತ್ತಿತ್ತು.
ಓದಬೇಕಾಗಿಯೂ ಇರಲಿಲ್ಲ:
ಗಿಡ್ಡಗಿದ್ದರೆ ಪಂಪು, ಉದ್ದವಿದ್ದರೆ ಸಿರಪ್ಪು.

ನಲವತ್ತೊಂದು ಕೈಗೆ ಬಂದಾಗ ಎದುರಿಗಿದ್ದವಳು ಜುಬೇದಾಬಿ.
ಬಿಸಿನೀರಲ್ಲಿ ಬೆಂದು ಬಿಳಿಚಿದ ಬೆರಳು,
ಒಂದು ಮಾತಿಗೆ ಮೂರು ಸಲ ಉಸಿರು.
ನಲವತ್ತೊಂದರಲ್ಲಿ ಉದ್ದ ಪದ.
ನಲವತ್ತೆರಡರಲ್ಲಿ ಗಿಡ್ಡ.
ಅವಳ ಹಿಂದೆ ಮುನಿಯೆಲ್ಲಪ್ಪ, ಕಿವಿಯಲ್ಲಿ ಬೀಡಿ,
ಮೆಟ್ಟಿಲು ಹತ್ತಿ ಬಂದರೂ ಏದುಸಿರಿಲ್ಲ.

"ಹೋಗಿ ಟೀ ಕುಡ್ಕೊಂಡು ಬಾರಮ್ಮ" ಅಂದೆ.
ಅಷ್ಟೇ.

ಅಷ್ಟೇ ಅಲ್ಲ. ಆ ಬೇಸಿಗೆಯಲ್ಲಿ ಹದಿನಾಲ್ಕು ಟೀ.
ಉಬ್ಬಸ ಜಾಸ್ತಿ ಇದ್ದವರನ್ನೆಲ್ಲ ಹುಡುಕಿ ಹುಡುಕಿ
ತಕ್ಕಡಿಯ ಒಂದೇ ತಟ್ಟೆಗೆ ಹಾಕಿದೆ,
ಕರುಣೆಯಿಂದ.
ಆರು ತಿಂಗಳಾದ ಮೇಲೆ ಲೆಕ್ಕ ಬಂತು:
ಪಂಪಿಗೂ ಸಿರಪ್ಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.
ಪಂಪು ಬರುವುದು ನಿಂತಿತು. ಜುಬೇದಾಬಿಗೂ ನಿಂತಿತು.

ಗೂಡಿನ ಮಾರ್ಕೆಟ್ಟಿನಲ್ಲಿ ನೋಡಿದ್ದೇನೆ,
ಪಳಗಿದ ರೀಲರು ಮೇಲಿನ ಗೂಡನ್ನು ನಂಬುವುದಿಲ್ಲ.
ಮೊಣಕೈವರೆಗೂ ಕೈ ಇಳಿಸಿ
ತಳದಿಂದ ಒಂದನ್ನೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ.
ಒಳಗಿನ ಹುಳ ಏನು ಹೇಳುತ್ತದೋ ಅದೇ ದರ.
ಈ ಹುಡುಗಿ ನನ್ನನ್ನು ಹಾಗೆ ಎತ್ತಿದ್ದಾಳೆ.

"ಮೂರೇ ಕಲಂ ಸಿಸ್ಟರ್:
ಅಪಾಯ ಕಡಿಮೆ, ಸ್ವಲ್ಪ ಅನುಮಾನ, ಅಪಾಯ ಹೆಚ್ಚು.
ಯಾರದು ತಪ್ಪು ಅಂತ ಕೇಳುತ್ತಿಲ್ಲ.
ನಿಮ್ಮ ಹೆಸರೂ ಬೇಡ. ಕಾಗದದ ದಪ್ಪ ಹೇಳಿದರೆ ಸಾಕು."

ತೆಳು, ಅಂದೆ.
ಬರೆದುಕೊಂಡಳು.
ಹದಿನಾಲ್ಕು ಟೀ, ಅಂತಲೂ ಅಂದೆ.
ಅದಕ್ಕೆ ಅವಳ ನಮೂನೆಯಲ್ಲಿ ಜಾಗ ಇರಲಿಲ್ಲವೇನೋ,
ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು.

ಆಮೇಲೆ ಬಹಳ ಹೊತ್ತು
ಇಬ್ಬರ ಉಸಿರೂ, ಒಂದೇ ತಂತಿಯಲ್ಲಿ.