ಬಿದ್ದ ಹಣ್ಣು

ಬಾಯಾರಿನ ಗುಡ್ಡೆಯಲ್ಲಿ ಮಾರ್ಚ್ ತಿಂಗಳು
ಕಣ್ಣಿಗಿಂತ ಮೊದಲು ಮೂಗಿಗೆ ಬರುತ್ತದೆ.
ಬೀಜ ತಿರುಪಿ ಬುಟ್ಟಿಗೆ ಹಾಕಿ
ಹಣ್ಣನ್ನು ಅಲ್ಲೇ ಎಸೆದು ಹೋಗುತ್ತಾರೆ ಎಲ್ಲರೂ.
ಕೆಂಪು, ಹಳದಿ, ನೊಣ, ಹುಳಿ.
ದನಗಳೂ ಎರಡು ತಿಂದು
ಮೂರನೆಯದಕ್ಕೆ ತಲೆ ಕೊಡವುತ್ತವೆ.

ಎಸೆದದ್ದನ್ನು ಹೆಕ್ಕುವವನು ಲಾದ್ರು ಪೊರ್ಬು.
ಕೊಯ್ಯುವುದಿಲ್ಲ.
"ಕೊಯ್ದ ಹಣ್ಣಿಗೆ ಇನ್ನೂ ಮರದ ಮೇಲೆ ಮನಸ್ಸು;
ಬಿದ್ದದ್ದು ನನ್ನ ಮಾತು ಕೇಳುತ್ತದೆ."

ತುಳಿದು, ಹಿಂಡಿ, ಮೂರು ದಿನ ಮುಚ್ಚಿಟ್ಟರೆ
ಹಂಡೆಯೊಳಗೆ ಯಾರೋ ಪಿಸುಗುಟ್ಟುವ ಸದ್ದು.
ಆಮೇಲೆ ಬೆಂಕಿ, ಬಿದಿರ ಕೊಳವೆ, ತೋಡಿನ ತಣ್ಣೀರು,
ಒಂದು ಹನಿ.
ಬಹಳ ಹೊತ್ತಿನ ಮೇಲೆ ಇನ್ನೊಂದು.
ಮೊದಲ ಕುಡಿಕೆ ಗುಳಿಗನ ಕಲ್ಲಿಗೆ, ಪಾದ್ರಿಗೆ ಗೊತ್ತಾಗದ ಹಾಗೆ.
ಎರಡನೆಯದು ಬಾಣಂತಿಯ ಸೊಂಟ ತಿಕ್ಕಲು.
ಮೂರನೆಯದರಿಂದ ಲೆಕ್ಕ ಶುರು.

ಲೆಕ್ಕ ಇಟ್ಟದ್ದು ಅಬಕಾರಿಯವರು.
ಮಲಯಾಳದಲ್ಲಿ ಬಂದ ನೋಟೀಸು ಓದಿ ಹೇಳಿದ್ದು ನಾನು;
ಊರಿನ ಪಿಂಚಣಿ, ಪಹಣಿ, ತಕರಾರುಗಳನ್ನೆಲ್ಲ
ಆ ಲಿಪಿಯಿಂದ ಈ ಲಿಪಿಗೆ ದಾಟಿಸುವುದೇ ನನ್ನ ಹೊಟ್ಟೆಪಾಡು.
'ಅನಧಿಕೃತ' ಎಂಬಲ್ಲಿ ನನ್ನ ನಾಲಗೆ ತಡೆಯಿತು.
"ಅದು ಎರಡರಲ್ಲೂ ಒಂದೇ ಅಲ್ಲವಾ ಮಾರಾಯ್ತಿ," ಅಂದ,
"ಮುಂದೆ ಓದು."
ಹಂಡೆ ಒಡೆದರು. ಕೊಳವೆ ಒಯ್ದರು.
ಬಿದಿರು ಮತ್ತೆ ಬೆಳೆಯಿತು.

ಕೋಟಿಕುಳದ ಅಂಬಾಡಿ, ಹಡಗಿನ ಎಂಜಿನಿಗೆ ಎಣ್ಣೆ ಹಾಕುವವ,
ರಜೆಗೆ ಬಂದಾಗ ಒಂದು ಬಾಟಲಿ ತಂದ.
ಯಾವುದೋ ನದಿ ಕಡಲಿಗೆ ಬೀಳುವ ಊರಿನಲ್ಲಿ
ಮುದುಕಿಯೊಬ್ಬಳು ಕೊಟ್ಟದ್ದಂತೆ.
ಅವಳದೇ ತೋಟ, ಅವಳದೇ ಒಲೆ,
ಲೇಬಲಿನಲ್ಲಿ ಹಾಡುಹಗಲು ಅವಳದೇ ಹೆಸರು,
ಹೆಸರಿನ ಮೇಲೊಂದು ಜರ್ದಾಳು ಹಣ್ಣಿನ ಚಿತ್ರ,
ಕಿತ್ತಳೆ ಬಣ್ಣ, ಕೆನ್ನೆಯಲ್ಲಿ ಒಂದಿಷ್ಟು ಕೆಂಪು.

ಲಾದ್ರು ಕುಡಿಯಲಿಲ್ಲ.
ಬಾಟಲಿಯನ್ನು ಚಿಮಣಿ ದೀಪಕ್ಕೆ ಹಿಡಿದು ಕುಲುಕಿದ.
ಮಣಿಗಳೆದ್ದವು. ಎಣಿಸಿದ. ಹನ್ನೊಂದಾದರೂ ಒಡೆಯಲಿಲ್ಲ.
"ನೀರು ಸೇರಿಸುವ ಜಾತಿ ಅಲ್ಲ," ಅಂದ.
ಬಿರಡೆ ತೆಗೆದು, ಕಣ್ಣು ಮುಚ್ಚಿ:
"ಇವಳೂ ಬಗ್ಗಿ ಹೆಕ್ಕಿದವಳೇ.
ಸೊಂಟ ನೋವು ವಾಸನೆಯಲ್ಲಿ ಉಂಟು."

ಮತ್ತೆ, ತುಂಬಾ ಹೊತ್ತು ಬಿಟ್ಟು,
"ಬೀಜ ಏನು ಮಾಡುತ್ತಾಳಂತೆ?"
"ಬಿಸಾಡುತ್ತಾಳೆ."
ಅವನು ನಕ್ಕ ನಗೆಗೆ ನಾಯಿ ಎದ್ದು ನಿಂತಿತು.
"ಅಲ್ಲಿ ಬೀಜ ಕಸ, ಇಲ್ಲಿ ಹಣ್ಣು ಕಸ!
ನಾವಿಬ್ಬರೂ ಒಂದೇ ಮರದ ಕೆಳಗೆ ಕೂತರೆ
ಬಿಸಾಡಲಿಕ್ಕೆ ಏನೂ ಉಳಿಯುತ್ತಿರಲಿಲ್ಲ."

ಮರುವರ್ಷ ಅದೇ ಬಾಟಲಿ ತುಂಬಿಸಿ ತಂದ.
ಗಾಜಿನ ಆಚೆ ಅವನ ಬೆರಳು ತೊಳೆದ ಹಾಗೆ ಕಾಣುತ್ತಿತ್ತು.
"ಅಂಬಾಡಿ ನಾಡಿದ್ದು ಹೊರಡುತ್ತಾನೆ. ಚೀಟಿ ಬರೆದು ಅಂಟಿಸು."
"ಹೆಸರು ಹಾಕಲಾ?"
ಠಾಣೆಯ ಪುಸ್ತಕದ ಹೊರಗೆ ತನ್ನ ಹೆಸರನ್ನು
ಅವನು ಎಲ್ಲೂ ನೋಡಿದವನಲ್ಲ.
ಅಂಗಿಯ ಕರೆ ಉಜ್ಜಿದ. ಗೋಂಕಿನ ಕರೆ, ಹೋಗುವುದಲ್ಲ.
"ಹಾಕು," ಅಂದ ಕೊನೆಗೆ,
"ಕನ್ನಡದಲ್ಲೇ ಹಾಕು, ದಾರಿಯಲ್ಲಿ ಹಿಡಿದವನಿಗೆ ಓದಲು ಬಾರದಿರಲಿ."
"ಅವಳಿಗೂ ಬರುವುದಿಲ್ಲವಲ್ಲ?"
"ಅವಳು ಕುಲುಕಿ ನೋಡುತ್ತಾಳೆ."

ಹಳೆಯ ಲೇಬಲು ನೀರಲ್ಲಿ ನೆನೆಸಿ ಉಗುರಿನಿಂದ ಕೆರೆದೆ.
ಅಕ್ಷರ ಬಿಟ್ಟಿತು, ಹಣ್ಣು ಬಿಡಲಿಲ್ಲ.
ಎರಡು ಸಲ ಬಿಸಿನೀರು ಹಾಕಿದೆ. ಊಹೂಂ.
ಅದರ ಕೆಳಗೆ ಚೀಟಿ ಅಂಟಿಸಿ
ಲಾದ್ರು ಪೊರ್ಬು, ಬಾಯಾರು ಎಂದು ದುಂಡಗೆ ಬರೆದೆ.
ಇನ್ನೂ ಏನೋ ಬಾಕಿ ಅನಿಸಿ,
ಆ ಜರ್ದಾಳಿನ ತುದಿಗೆ
ಕಪ್ಪು ಪೆನ್ನಿನಿಂದ
ಬಾಗಿದ ಒಂದು ಬೀಜ ತೂಗುಹಾಕಿದೆ.