ಬಾಗಿಲ ಮೇಲಿನ ತಾರೀಖು

ಲಗ್ಗೆರೆಯ ನಮ್ಮ ಬೀದಿಗೆ ಕಾವೇರಿ ಬರುವುದು
ನಾಲ್ಕು ದಿನಕ್ಕೊಮ್ಮೆ, ರಾತ್ರಿ ಎರಡಕ್ಕೆ.
ಅದಕ್ಕೇ ಇಲ್ಲಿ ಮನುಷ್ಯರಿಗಿಂತ ಡ್ರಮ್ಮುಗಳು ಜಾಸ್ತಿ:
ನೀಲಿ, ಕಪ್ಪು, ಬಣ್ಣದಂಗಡಿಯ ಹಳೇ ಬಕೆಟ್ಟು,
ಮದುವೆಗೆ ಕೊಟ್ಟ ಹಂಡೆ,
ಕೆಟ್ಟುಹೋದ ವಾಷಿಂಗ್ ಮೆಷಿನ್ನಿನ ಹೊಟ್ಟೆ.

ನಾನು ಟಾರ್ಚು ಹಿಡಿದು ಒಂದೊಂದರೊಳಗೂ ಇಣುಕುವವಳು.
ಗುಲಾಬಿ ಸೀರೆ, ಕೊರಳಲ್ಲಿ ಗುರುತಿನ ಚೀಟಿ,
ಚೀಲದಲ್ಲಿ ಸೀಮೆಸುಣ್ಣ.
ನೋಡಿಯಾದ ಮನೆಯ ಬಾಗಿಲಿಗೆ ತಾರೀಖು ಬರೆಯಬೇಕು.
ಮುನಿತಾಯಮ್ಮ ಎಲೆಯಡಿಕೆ ಬಾಯಲ್ಲೇ ನಕ್ಕಳು:
"ಆಗ ಇದೇ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ವಿ ಕಣೇ,
ದೆವ್ವ ಓದ್ಕಂಡು ವಾಪಸ್ ಹೋಗ್ತಿತ್ತು.
ಸೊಳ್ಳೆಗೆ ಯಾವ ಇಸ್ಕೂಲಲ್ಲಿ ಅಕ್ಷರ ಕಲಿಸಿದೀಯ?"

ಓದು ಬಾರದು ಅದಕ್ಕೆ, ನಿಜ.
ಕಾಲಿಗೆ ಬಿಳಿ ಪಟ್ಟೆ, ಹಾಡಹಗಲೇ ಕೆಲಸ.
ಮೋರಿಯ ಕಡೆ ತಿರುಗಿಯೂ ನೋಡದು,
ತಿಳಿನೀರೇ ಆಗಬೇಕು.
ನಮ್ಮ ಹಾಗೇ.

"ಚೆಲ್ಲಿಬಿಡಿ" ಅಂದೆ.
ಷಮೀಮ್ ಬಿ ಡ್ರಮ್ಮಿಗೆ ಬೆನ್ನು ಕೊಟ್ಟು ನಿಂತಳು:
"ಚೆಲ್ಲಿದ್ರೆ ನಾಳೆ ಮಗೂನ ಯಾವುದರಲ್ಲಿ ತೊಳೀಲಿ,
ನಿನ್ನ ಟಾರ್ಚ್ ಬೆಳಕಲ್ಲಾ?"
ತರಬೇತಿಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಅವಳ ಹಳೇ ವಾಯಿಲ್ ಸೀರೆ ನಾಲ್ಕು ಮಡಿಕೆ ಮಾಡಿ
ಇಬ್ಬರೂ ಸೋಸಿದೆವು, ಕೊಡ ಕೊಡ.
ಗೋಡೆಗಂಟಿದ ಮೊಟ್ಟೆಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿದೆವು.
ಪಂಕ್ಚರ್ ಅಂಗಡಿಯ ಫಯಾಜ್ ಹಳೇ ಟ್ಯೂಬು ಕತ್ತರಿಸಿ ಕೊಟ್ಟ.
ಸಂಜೆಗೆ ಬೀದಿಯ ಡ್ರಮ್ಮುಗಳೆಲ್ಲ ಮುಂಡಾಸು ಸುತ್ತಿದ್ದವು,
ಒಂದಕ್ಕೆ ಲುಂಗಿ, ಒಂದಕ್ಕೆ ಶಾಲೆಯ ಯೂನಿಫಾರಂ,
ಒಂದಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು.
ಫ್ಲೆಕ್ಸು ಬೇಡ ಅಂದೆ, ಮಳೆ ಬಂದರೆ
ನಾಯಕರ ಹೊಟ್ಟೆಯಲ್ಲೇ ನೀರು ನಿಲ್ಲುತ್ತದೆ.

ಆದರೂ ಜ್ವರ ಬಂತು.
ನನ್ನ ಎದುರು ಮನೆ ಸೆಲ್ವಿಯ ಮಗ ಕದಿರ್‌ಗೆ, ಒಂಬತ್ತು ವರ್ಷ.
"ಕಣ್ಣಿನ ಹಿಂದೆ ನೋಯ್ತದೆ ಆಂಟಿ" ಅಂದ.
ಪರಂಗಿ ಎಲೆಯ ರಸ ಕುಡಿಸಿ ಎರಡು ದಿನ ಕಳೆದಿದ್ದರು.
ಮೂರನೆಯ ದಿನ ವಸಡಲ್ಲಿ ರಕ್ತ.
ಆಟೋದಲ್ಲಿ ಕೆ.ಸಿ. ಜನರಲ್‌ಗೆ; ದಾರಿಯುದ್ದಕ್ಕೂ
ಅವಳ ಮಡಿಲಲ್ಲಿ ಅವನ ತಲೆ, ನನ್ನ ಮಡಿಲಲ್ಲಿ ಕಾಲು.

ಆ ಸೊಳ್ಳೆ ಬಹುದೂರ ಹಾರುವ ಜಾತಿಯಲ್ಲ.
ಎಲ್ಲ ಡ್ರಮ್ಮು ನೋಡಿದ್ದೆ. ಎಳನೀರ ಚಿಪ್ಪು, ಟೈರು, ತುಳಸಿಕಟ್ಟೆ.
ರಾತ್ರಿ ಕರೆಂಟು ಹೋಗಿ ಮನೆ ಮೌನವಾದಾಗ
ಫ್ರಿಜ್ಜಿನ ಹಿಂದೆ ಟಾರ್ಚು ಬಿಟ್ಟೆ.
ತಟ್ಟೆಯಲ್ಲಿ ಅಂಗೈಯಗಲ ನೀರು.
ಅದರೊಳಗೆ ಅಲ್ಪವಿರಾಮಗಳು
ಬೆಳಕಿಗೆ ಬೆದರಿ ತಳಕ್ಕಿಳಿದವು.

ನನ್ನ ಬಾಗಿಲಿಗೆ ನಾನೇ ಬರೆದಿದ್ದೆ ತಾರೀಖು,
ಒಳಗೆ ಬಂದು ನೋಡದೇ.

ಮರುದಿನ ವಾರ್ಡಿನಲ್ಲಿ ಸೆಲ್ವಿ ಕೇಳಿದಳು,
"ಅವನಿಗೆ ಬಂದಾಯ್ತಲ್ಲಕ್ಕ, ಇನ್ನು ಯಾಕೆ ಈ ಪರದೆ?"
ಅವನನ್ನು ಕಚ್ಚಿದ್ದು ಪಕ್ಕದ ಮಂಚಕ್ಕೆ ಹೋಗದಿರಲಿ ಅಂತ, ಅಂದೆ.
ಪಕ್ಕದ ಮಂಚದಲ್ಲಿ ಯಾರದೋ ಪುಟ್ಟ ಹುಡುಗಿ, ಕೈಗೆ ಸೂಜಿ.
ಸೆಲ್ವಿ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದಳು,
ಮತ್ತೊಮ್ಮೆ ಬಿಗಿದಳು.
ಆಗ ಹೇಳಿದೆ, ಫ್ರಿಜ್ಜಿನ ತಟ್ಟೆಯ ವಿಷಯ.
ಅದೇ ಸೊಳ್ಳೆಯೋ ಅಲ್ಲವೋ ಹೇಳುವ ಯಂತ್ರ
ಯಾವ ಆಸ್ಪತ್ರೆಯಲ್ಲೂ ಇಲ್ಲ.
ಅವಳು ಬಹಳ ಹೊತ್ತು ಡ್ರಿಪ್ಪಿನ ಹನಿ ನೋಡಿದಳು.
"ನಮ್ಮನೇಲಿ ಫ್ರಿಜ್ಜೇ ಇಲ್ಲಕ್ಕ" ಅಂದಳು.
ಅಷ್ಟೇ.

ಮನೆಗೆ ಬಂದು ತಟ್ಟೆ ಉಜ್ಜಿ ಬಿಸಿಲಿಗಿಟ್ಟೆ.
ಬಾಗಿಲ ಮೇಲಿನ ಸುಳ್ಳು ತಾರೀಖನ್ನು ಸೆರಗಲ್ಲಿ ಒರೆಸಿದೆ.
ಹೊಸದು ಬರೆಯುವಾಗ ಸುಣ್ಣ ಮುರಿಯಿತು,
ಚೂರಲ್ಲೇ ಬರೆದೆ.

ರಾತ್ರಿ ಎರಡಕ್ಕೆ ನೀರು ಬಂತು. ಬೀದಿ ಎದ್ದಿತು.
ಎದುರು ಮನೆಯ ಬೀಗ ಹಾಕಿದ ಬಾಗಿಲ ಮುಂದೆ
ಸೆಲ್ವಿಯ ಡ್ರಮ್ಮಿಗೆ ಯಾರೋ ಆಗಲೇ ಪೈಪು ಬಿಟ್ಟಿದ್ದರು,
ಕಟ್ಟಿದ ಬಟ್ಟೆ ಬಿಚ್ಚದೆ,
ಅದರ ಮೇಲಿಂದಲೇ.