ನಿನ್ನ ಬದಲಿಗೆ

ತಿಬಿಲಿಸಿಯ ಈ ಕಟ್ಟಡದಲ್ಲಿ ಲಿಫ್ಟಿಗೂ ಕಾಸು ಹಾಕಬೇಕು,
ಹತ್ತು ತೆತ್ರಿ. ಚಿಲ್ಲರೆ ಇಲ್ಲದ ದಿನ ಏಳು ಮಹಡಿ ನಡೆದೇ ಏರುತ್ತೇನೆ,
ಕೊರಳಲ್ಲಿ ದೇಶದ ಲಾಂಛನದ ಬಿಲ್ಲೆ,
ಕಂಕುಳಲ್ಲಿ ದೋಣಿಯಾಕಾರದ ಬಿಸಿ ರೊಟ್ಟಿ.
ಮೂರನೆಯ ಮಹಡಿಗೆ ಬರುವಷ್ಟರಲ್ಲಿ ದೋಣಿಯ ಒಂದು ತುದಿ ಮಾಯ.

ಸಂಬಳವಿಲ್ಲ. ಅನುಭವ ಕೊಡುತ್ತಾರೆ.
ಅನುಭವವೆಂದರೆ ಔತಣದ ಮೇಜಿನ ಮೇಲೆ ಹೆಸರಿನ ಚೀಟಿ ಇಡುವುದು,
ಮುನಿಸಿಕೊಂಡ ಎರಡು ದೇಶಗಳ ನಡುವೆ
ಒಂದು ಹೂದಾನಿಯನ್ನೋ ಕಿವಿ ಮಂದವಾದ ಪಾದ್ರಿಯನ್ನೋ ಕೂರಿಸುವುದು,
ಸೋರುವ ಕೊಳಾಯಿಯ ಬಗ್ಗೆಯೂ
'ಗೌರವಪೂರ್ವಕ ತಿಳಿಸುವ ಸದವಕಾಶ ಒದಗಿದೆ' ಎಂದೇ ಶುರುಮಾಡುವುದು.
ರೀಗಾದಲ್ಲಿರುವ ಅಮ್ಮನಿಗೆ ಇದನ್ನೆಲ್ಲ ಹೇಳುವುದಿಲ್ಲ.
ರಾಯಭಾರ ಕಚೇರಿ ಅನ್ನುತ್ತೇನೆ, ಅವಳು ಕೆಳಮನೆಯವರಿಗೆ ಅನ್ನುತ್ತಾಳೆ.
ರಾಯ ಅಂತೂ ಯಾರೂ ಇಲ್ಲ ಇಲ್ಲಿ.
ಭಾರವೂ, ಮೊನ್ನೆಯವರೆಗೆ, ಇರಲಿಲ್ಲ.

ಕಾನ್ಸುಲ್ ಹಲ್ಲು ಕೀಳಿಸಲು ಹೋಗಿದ್ದರು,
ಅದಕ್ಕೇ ಫೋನು ನನ್ನ ಮೇಜಿಗೆ ಬಂತು:
ಗೋರಿಯ ಹತ್ತಿರ, ಹೆದ್ದಾರಿಯ ಬದಿ, ಲಾರಿ ನಿಂತಿದೆ.
ಎಂಜಿನ್ನು ಇನ್ನೂ ಬಡಿದುಕೊಳ್ಳುತ್ತಿತ್ತಂತೆ,
ಒಳಗಿನ ಎದೆ ನಿಂತ ಮೇಲೂ.
ನಿಮ್ಮ ದೇಶದವರು. ಯಾರಾದರೂ ಬನ್ನಿ.

ಯಾರಾದರೂ ಅಂದರೆ ನಾನು.
ಇಪ್ಪತ್ತಮೂರು ವರ್ಷ; ಅಜ್ಜಿಯ ಮುಖವನ್ನೂ
ಕೊನೆಯ ದಿನ ಬಾಗಿಲಿಂದಲೇ ನೋಡಿ ಬಂದವಳು.

ಠಾಣೆಯಲ್ಲಿ ಒಂದೊಂದೇ ಎತ್ತಿ ತೋರಿಸಿದರು, ಬರೆದುಕೊಂಡೆ:
ಥರ್ಮಾಸು ಒಂದು, ಮುಚ್ಚಳವಿಲ್ಲ.
ಉಣ್ಣೆಯ ಕಾಲುಚೀಲ ಎರಡು ಜೊತೆ, ಒಂದರ ಹಿಮ್ಮಡಿಗೆ ತೇಪೆ,
ತೇಪೆಯ ದಾರ ಹಸಿರು.
(ದಾರದ ಬಣ್ಣ ಬೇಕಿರಲಿಲ್ಲ ಎಂದರು ಆಮೇಲೆ ಕಾನ್ಸುಲ್, ಊದಿದ ಕೆನ್ನೆಯಲ್ಲಿ.)
ಪದಬಂಧದ ಪುಸ್ತಕ, ಅರ್ಧ ತುಂಬಿದ್ದು.
ಎಡದಿಂದ ಬಲಕ್ಕೆ ಹದಿನಾಲ್ಕು, ನದಿ ಕಡಲು ಸೇರುವ ಜಾಗ:
ಪೆನ್ನಿನಲ್ಲೇ ತಪ್ಪು ಬರೆದಿದ್ದ. ತಿದ್ದಲಿಲ್ಲ.
ಕೆಂಪು ಜಾಮಿನ ಜಾಡಿ ಮೂರು, ದಾರಿಬದಿಯಲ್ಲಿ ಕೊಂಡದ್ದು,
ಪತ್ರಿಕೆಯಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿ
ಬೆಲ್ಟು ಬಿಗಿದದ್ದು.

ನಮೂನೆಯಲ್ಲಿ ವಾಕ್ಯ ಸಿದ್ಧವಿದೆ, ಖಾಲಿ ಜಾಗಕ್ಕೆ ಹೆಸರು ತುಂಬಿದರಾಯಿತು.
ಕುಲ್ದೀಗಾಕ್ಕೆ ಫೋನು ಮಾಡಿ 'ವಾಲ್ದಿಸ್' ಎಂದೆ.
ಮುಂದಿನದು ಹಲ್ಲಿನ ಹಿಂದೆಯೇ ಕೂತುಬಿಟ್ಟಿತು.
ಆ ಕಡೆ ನೀರು ಬೀಳುವ ಸದ್ದು. ನಲ್ಲಿ ನಿಲ್ಲಿಸಿದಳು ಅವನ ತಂಗಿ.
ನೀವು ನೋಡಿದಿರಾ ಅವನನ್ನು?
ನೋಡಿದೆ.
ತಲೆ ಬಾಚಿತ್ತಾ?
ಹೂಂ.

ಬಾಚಿರಲಿಲ್ಲ.
ಒಂದು ದೇಶದ ಪರವಾಗಿ ನಾನಾಡಿದ ಮೊದಲ ಮಾತು ಅದು.

ಜಾಡಿಗಳನ್ನು ರಾಜತಾಂತ್ರಿಕ ಚೀಲ ಒಲ್ಲದು, ಒಡೆಯುವ ವಸ್ತು.
ನೀವೇ ತಿನ್ನಿ, ಅಂದಿದ್ದಳು ತಂಗಿ.
ಅವತ್ತೂ ಚಿಲ್ಲರೆ ಇರಲಿಲ್ಲ.
ನಾಲ್ಕನೆಯ ಮಹಡಿಯ ತಿರುವಿನಲ್ಲಿ ನಾನೂಲಿ ಸಿಕ್ಕಳು, ಮನೆಯೊಡತಿ,
ಆರು ತಿಂಗಳಾದರೂ ನನ್ನ ಹೆಸರು ನಾಲಿಗೆಗೆ ಹತ್ತದವಳು.
ಮುಖ ನೋಡಿದಳು, ಎರಡು ಜಾಡಿ ಕಿತ್ತುಕೊಂಡಳು,
'ಗೆನಾತ್ಸ್ವಾಲೆ' ಎಂದಳು.

ತರಕಾರಿಯವನೂ ಅನ್ನುತ್ತಾನೆ ಇಲ್ಲಿ ಅದನ್ನು, ಟ್ಯಾಕ್ಸಿಯವನೂ,
ಚಿನ್ನಾ ಪುಟ್ಟಾ ಅಂದಹಾಗೆ, ಮೀಟರು ನೋಡುತ್ತಲೇ.
ಸಿಪ್ಪೆ ಸುಲಿದರೆ ಮಾತ್ರ ಒಳಗೆ ಬೇರೆ:
ನಿನಗೆ ಬರುವುದು ನನಗೆ ಬರಲಿ,
ನಿನ್ನ ಜಾಗದಲ್ಲಿ ನಾನು ನಿಲ್ಲುವೆ.
ನಿವಾಳಿಸಿ ಲಟಿಕೆ ಮುರಿದಂಥ ಮಾತು.
ನಮ್ಮ ಕಚೇರಿಯ ಕೆಲಸಕ್ಕೂ ಇದೇ ಅರ್ಥವಿರಬೇಕು,
ಯಾರೂ ಹೇಳಿಕೊಟ್ಟಿರಲಿಲ್ಲ.

ಮುಚ್ಚಳ ತೆಗೆಯಲು ಇಬ್ಬರೂ ತಿಣುಕಿದೆವು.
ಹುಳಿ. ಒಳಗೆಲ್ಲ ಗೊರಟೆ.
ಗೊರಟೆಗಳನ್ನು ತಟ್ಟೆಯಂಚಿಗೆ ಸಾಲಾಗಿ ಇಡುತ್ತಾ
ಅವನ ಹೆಸರು ಕೇಳಿದಳು. ಹೇಳಿದೆ.
ಇನ್ನೊಮ್ಮೆ ಹೇಳಿಸಿದಳು, ತಾನೂ ಹೇಳಿದಳು,
ಒಂದಕ್ಷರ ತಪ್ಪದೆ.

ನಾಳೆ ಔತಣ. ಮೂವತ್ತಾರು ಚೀಟಿ.
ಯಾರ ಪಕ್ಕ ಯಾರನ್ನು ಕೂರಿಸುವುದೋ ಇನ್ನೂ ತೋಚಿಲ್ಲ.